113 ಯಾರಿಗೆ? ಗದಗದ ಪ್ರೆಸ್ಸಿನಲ್ಲಿ ಹಾಕಿದ ಒಂದು ಲೆಕ್ಕ

"ಅಳ್ಯಾ, ಯಾರ ಬರ್ತಾರಂತ ಹೇಳಬ್ಯಾಡ. ಎಷ್ಟ ಕಾಗದ ತರಿಸ್ಲಿ, ಅದನ್ನ ಹೇಳು."

2023ರ ಏಪ್ರಿಲ್ ಮೊದಲ ವಾರ ನಮ್ಮ ಮಾಮಾ ಹೀಗೆ ಕೇಳಿದರು. ಗದಗ-ಬೆಟಗೇರಿಯಲ್ಲಿ ಅವರದೊಂದು ಸಣ್ಣ ಪ್ರಿಂಟಿಂಗ್ ಪ್ರೆಸ್ ಇದೆ. ನಾನು ಹುಬ್ಬಳ್ಳಿಯಲ್ಲಿ ಲೆಕ್ಕಪತ್ರದ ಕೆಲಸ ಮಾಡುವವನು. ವಾರಕ್ಕೊಮ್ಮೆ ಗದಗಕ್ಕೆ ಹೋಗಿ ಪ್ರೆಸ್ಸಿನ ಪುಸ್ತಕ ಬರೆದು ಬರ್ತೇನೆ. ಮಾರ್ಚ್ 29ಕ್ಕೆ ಕರ್ನಾಟಕ ವಿಧಾನಸಭೆಯ ಚುನಾವಣೆ ಘೋಷಣೆ ಆಗಿತ್ತು. ಒಟ್ಟು 224 ಕ್ಷೇತ್ರ, ಬಹುಮತಕ್ಕೆ ಬೇಕಾದದ್ದು 113. ಮೇ 10ಕ್ಕೆ ಮತದಾನ, 13ಕ್ಕೆ ಎಣಿಕೆ.

ಚುನಾವಣೆ ಪ್ರಚಾರದ ಕೆಲಸದಲ್ಲಿ ಮಾಮಾಗೆ ಅನುಮಾನ ಇರಲಿಲ್ಲ. ಅದಕ್ಕೆ ಮೊದಲೇ ದುಡ್ಡು ಬರುತ್ತೆ. ಅವರ ಚಿಂತೆ ಎಲ್ಲಾ ಎಣಿಕೆ ಆದಮೇಲಿನದು. ಗೆದ್ದವರಿಗೆ ಅಭಿನಂದನೆ, ಮಂತ್ರಿ ಆದವರಿಗೆ ಸನ್ಮಾನ, ಅದರ ಆಮಂತ್ರಣ, ಪೋಸ್ಟರ್. ಯಾರಾದರೂ ಒಬ್ಬರು ಗಟ್ಟಿಯಾಗಿ ಗೆದ್ದರೆ ಈ ಆರ್ಡರ್ ಸಾಲಾಗಿ ಬರುತ್ತವೆ. ಯಾರಿಗೂ ಬಹುಮತ ಬರದೆ ಅತಂತ್ರ ಆದರೆ ಎಲ್ಲರೂ ಬೆಂಗಳೂರಿನ ಕಡೆ ನೋಡ್ತಾ ಕೂತುಬಿಡ್ತಾರೆ. ಆರ್ಟ್ ಪೇಪರ್ ಗೋಡೆಗೆ ಒರಗಿ ಧೂಳು ತಿನ್ನುತ್ತೆ, ಹುಬ್ಬಳ್ಳಿಯ ಪೇಪರ್ ವ್ಯಾಪಾರಿಗೆ ಕೊಡಬೇಕಾದ ಬಾಕಿ ಹಾಗೇ ನಿಲ್ಲುತ್ತೆ.

ಅವರ ಭಯಕ್ಕೆ ಕಾರಣ ಅವರ ಕೈಯಲ್ಲೇ ಇತ್ತು. 2018ರ ಮೇ 15ಕ್ಕೆ ಫಲಿತಾಂಶ ಬಂದಾಗ ಬಿಜೆಪಿ 104, ಕಾಂಗ್ರೆಸ್ 78, ಜೆಡಿಎಸ್ 37. ಆಗ ಮತದಾನ ಆಗಿದ್ದು 222 ಕ್ಷೇತ್ರಗಳಿಗೆ, ಬೇಕಿದ್ದದ್ದು 112. ಮೇ 17ಕ್ಕೆ ಯಡಿಯೂರಪ್ಪ ಮುಖ್ಯಮಂತ್ರಿಯಾಗಿ ಪ್ರಮಾಣ ವಚನ ತಗೊಂಡರು. ಅವತ್ತೇ ಒಬ್ಬ ಗಿರಾಕಿ ಅಭಿನಂದನೆಯ ಹ್ಯಾಂಡ್‌ಬಿಲ್ ಹಾಕಿಸಿದರು. ರಾತ್ರಿಯೆಲ್ಲಾ ಮಷಿನ್ ಓಡಿತು. 19ಕ್ಕೆ ವಿಶ್ವಾಸಮತಕ್ಕೆ ಮೊದಲೇ ಮುಖ್ಯಮಂತ್ರಿ ರಾಜೀನಾಮೆ ಕೊಟ್ಟರು. ಗಿರಾಕಿ ಬಂಡಲ್ ಒಯ್ಯಲಿಲ್ಲ, ಫೋನೂ ಎತ್ತಲಿಲ್ಲ. ಆ ಹ್ಯಾಂಡ್‌ಬಿಲ್ಲುಗಳನ್ನ ಮಾಮಾ ನಾಲ್ಕು ತುಂಡು ಮಾಡಿ, ಖಾಲಿ ಬದಿ ಮೇಲೆ ಬರುವ ಹಾಗೆ ಗೋಂದು ಹಚ್ಚಿ, ಚೀಟಿ ಪ್ಯಾಡ್ ಮಾಡಿಟ್ಟಿದ್ದರು. ಐದು ವರ್ಷ ಆದರೂ ಪ್ಯಾಡ್ ಮುಗಿದಿರಲಿಲ್ಲ. 2023ರ ನಮ್ಮ ಲೆಕ್ಕವನ್ನೂ ಅದೇ ಚೀಟಿಗಳ ಮೇಲೆ ಬರೆದೆವು. ತಿರುಗಿಸಿದರೆ ಅರ್ಧ ಕಮಲ, ಅರ್ಧ "ಹಾರ್ದಿಕ ಅಭಿ" ಅನ್ನೋ ಅಕ್ಷರ ಕಾಣುತ್ತೆ.

ಇಲ್ಲಿ ಹೇಳಹೊರಟಿರೋದು ಆ ಒಂದು ತಿಂಗಳ ಲೆಕ್ಕದ ಕಥೆ. ನಮ್ಮ ಊಹೆ ಎಲ್ಲಿ ಸರಿ ಬಂತು, ಎಲ್ಲಿ ಎಡವಿತು ಅಂತ ಪೂರ್ತಿ ಬರೆದಿಡಬೇಕು ಅನ್ನಿಸಿತು. ಚುನಾವಣೆ ಬಂದಾಗ ನಮ್ಮ ಕಡೆ ಪ್ರತಿ ಚಹಾದ ಅಂಗಡಿಯಲ್ಲೂ ಭವಿಷ್ಯ ಹೇಳುವವರಿದ್ದಾರೆ. ಆದರೆ ಹೇಳಿದ್ದನ್ನ ಬರೆದಿಟ್ಟು, ಆಮೇಲೆ ತೆಗೆದು ನೋಡುವವರು ಕಡಿಮೆ.

ಮೊದಲ ಚೀಟಿ

ಮಾಮಾನ ಮಾತು ನೇರ. "ಬರ್ಕೊ. ಈ ಸಲಾನೂ ಅತಂತ್ರನ. ಹದಿನೈದು ರೀಮಿನ ಮ್ಯಾಲೆ ಒಂದೂ ತರಿಸೂದಿಲ್ಲ." ಪೂರ್ತಿ ಧೈರ್ಯ ಮಾಡಿದ್ದರೆ 40 ರೀಮು ತರಿಸಬಹುದಿತ್ತು.

"ಅತಂತ್ರ ಅನ್ನೋದು ನೂರಕ್ಕೆ ಎಷ್ಟು ಖಾತ್ರಿ ಮಾಮಾ?" ಅಂದೆ. ಅವರಿಗೆ ಸಿಟ್ಟು ಬಂತು. ಹೌದು ಅಂದರೆ ಹೌದು, ಅದಕ್ಕೇನು ನೂರಕ್ಕೆ ಎಷ್ಟು! ಆದರೂ ಬಿಡಲಿಲ್ಲ. ಕೊನೆಗೆ ಅತಂತ್ರಕ್ಕೆ 70, ಕಾಂಗ್ರೆಸ್ ಬಹುಮತಕ್ಕೆ 20, ಬಿಜೆಪಿ ಬಹುಮತಕ್ಕೆ 10 ಅಂತ ಬರೆಸಿದರು. ನಾನು ಅತಂತ್ರಕ್ಕೆ 50, ಕಾಂಗ್ರೆಸ್ಸಿಗೆ 40, ಬಿಜೆಪಿಗೆ 10 ಅಂತ ಬರೆದೆ. ಇದು ಬೆಟ್ಟಿಂಗ್ ಅಲ್ಲ, ಯಾರೂ ಒಂದು ರೂಪಾಯಿ ಕಟ್ಟಲಿಲ್ಲ. ಅಂಕಿ ಬರೆಸಿದ್ದು ಒಂದೇ ಕಾರಣಕ್ಕೆ. "ಬರ್ತಾರ" ಅನ್ನೋ ಮಾತು ಆಮೇಲೆ ಯಾವ ಕಡೆಗೆ ಬೇಕಾದರೂ ಬಾಗುತ್ತೆ. 70 ಬಾಗಲ್ಲ.

ಮಾಮಾನ 70ಕ್ಕೆ ಆಧಾರ ಇರಲಿಲ್ಲ ಅಂತಲ್ಲ. ಹಿಂದಿನ ನಾಲ್ಕು ಚುನಾವಣೆಯಲ್ಲಿ ಮೂರು ಸಲ ಯಾರಿಗೂ ಬಹುಮತ ಬಂದಿರಲಿಲ್ಲ. 2004ರಲ್ಲಿ ಬಿಜೆಪಿ 79, ಕಾಂಗ್ರೆಸ್ 65, ಜೆಡಿಎಸ್ 58. 2008ರಲ್ಲಿ ಬಿಜೆಪಿ 110ಕ್ಕೆ ನಿಂತಿತು, ಮೂರು ಕಡಿಮೆ. 2018 ಅಂತೂ ಚೀಟಿಯ ಹಿಂಬದಿಯಲ್ಲೇ ಇತ್ತು. 2013 ಒಂದೇ ಬೇರೆ, ಅವಾಗ ಕಾಂಗ್ರೆಸ್ 122. ನಾಲ್ಕಕ್ಕೆ ಮೂರು ಅಂದರೆ ನೂರಕ್ಕೆ 75.

ಆದರೆ ಎಣಿಕೆಯನ್ನ 2004ರಿಂದಲೇ ಯಾಕೆ ಶುರು ಮಾಡಬೇಕು? 1983ಕ್ಕೆ ಹೋದರೆ ಚಿತ್ರ ಬದಲಾಗುತ್ತೆ. 1983ರಲ್ಲಿ ಜನತಾ ಪಕ್ಷ 95, ಬಹುಮತ ಇಲ್ಲ. 1985ರಲ್ಲಿ ಅದೇ ಪಕ್ಷ 139. 1989ರಲ್ಲಿ ಕಾಂಗ್ರೆಸ್ 178, 1994ರಲ್ಲಿ ಜನತಾದಳ 115, 1999ರಲ್ಲಿ ಕಾಂಗ್ರೆಸ್ 132. ಒಟ್ಟು ಒಂಬತ್ತು ಚುನಾವಣೆಯಲ್ಲಿ ಐದಕ್ಕೆ ಬಹುಮತ, ನಾಲ್ಕಕ್ಕೆ ಇಲ್ಲ. ಎಲ್ಲಿಂದ ಎಣಿಸ್ತೀವಿ ಅನ್ನೋದರ ಮೇಲೆ ಉತ್ತರ ನಿಂತಿರುತ್ತೆ. ಅದಕ್ಕೇ ನಾನು 50ರ ಹತ್ತಿರ ನಿಂತೆ. ಬಿಜೆಪಿಗೆ ಇಬ್ಬರೂ 10 ಕೊಟ್ಟದ್ದಕ್ಕೆ ಕಾರಣ, 1985ರ ನಂತರ ಅಧಿಕಾರದಲ್ಲಿದ್ದ ಪಕ್ಷ ಬಹುಮತದೊಂದಿಗೆ ಮರಳಿ ಬಂದೇ ಇರಲಿಲ್ಲ.

ಕಣ್ಣಿಗೆ ಕಾಣುವ ಹದಿನೇಳು

ಧಾರವಾಡ ಜಿಲ್ಲೆಯಲ್ಲಿ 7, ಗದಗದಲ್ಲಿ 4, ಹಾವೇರಿಯಲ್ಲಿ 6. ನಮಗೆ ಗೊತ್ತಿರೋ ಕ್ಷೇತ್ರ ಈ 17. ಮೊದಲು ಇವುಗಳ ಮೇಲೇ ಬಿದ್ದೆವು. ಪ್ರೆಸ್ಸಿಗೆ ಬರುವವರೆಲ್ಲಾ ಒಂದೊಂದು ಸುದ್ದಿ ತರ್ತಿದ್ದರು.

2018ರಲ್ಲಿ ಈ 17ರಲ್ಲಿ ಬಿಜೆಪಿ 12, ಕಾಂಗ್ರೆಸ್ 4, ರಾಣೆಬೆನ್ನೂರಿನಲ್ಲಿ ಕೆಪಿಜೆಪಿ ಅನ್ನೋ ಸಣ್ಣ ಪಕ್ಷದ ಆರ್. ಶಂಕರ್. ಕೇಳೋಕೆ ಏಕಪಕ್ಷೀಯ ಅನ್ನಿಸುತ್ತೆ. ಆದರೆ ಅಂತರ ನೋಡಿ. ಹಿರೇಕೆರೂರಿನಲ್ಲಿ ಕಾಂಗ್ರೆಸ್ಸಿನ ಬಿ.ಸಿ. ಪಾಟೀಲ ಗೆದ್ದದ್ದು 555 ಮತದಿಂದ. ಕುಂದಗೋಳದಲ್ಲಿ ಸಿ.ಎಸ್. ಶಿವಳ್ಳಿ 634ರಿಂದ. ಗದಗದಲ್ಲಿ ಎಚ್.ಕೆ. ಪಾಟೀಲ 1,868ರಿಂದ. ಅಂದರೆ ಕಾಂಗ್ರೆಸ್ ಗೆದ್ದ ನಾಲ್ಕರಲ್ಲಿ ಮೂರು ಕೂದಲೆಳೆಯಲ್ಲಿ ಉಳಿದವು. ಗಾಳಿ ಸ್ವಲ್ಪ ಆ ಕಡೆ ಬೀಸಿದ್ದರೆ 17ರಲ್ಲಿ 15 ಬಿಜೆಪಿಗೆ. ಈ ಕಡೆ ಬೀಸಿದರೆ ಎಷ್ಟು ಅನ್ನೋದೇ 2023ರ ಪ್ರಶ್ನೆ.

ಮಾಮಾ ಪ್ರತಿ ಕ್ಷೇತ್ರವನ್ನೂ ಬೇರೆ ಬೇರೆಯಾಗಿ ನೋಡ್ತಿದ್ದರು. ಇಲ್ಲಿ ಈತ ಒಳ್ಳೆಯವ, ಅಲ್ಲಿ ಆತ ಜನರ ಕೈಗೆ ಸಿಗೋದಿಲ್ಲ, ಇನ್ನೊಂದು ಕಡೆ ಜಾತಿ ಲೆಕ್ಕ. ಇದು ಬೇಕು. ಶಿರಹಟ್ಟಿಯ ವಿಷಯದಲ್ಲಿ ನಮ್ಮ ಮಷಿನ್‌ಮ್ಯಾನ್ ಹೇಳಿದ್ದು ಯಾವ ಸಮೀಕ್ಷೆಯಲ್ಲೂ ಇರಲಿಲ್ಲ. ಆತನ ಊರು ಅದೇ ಕಡೆ. "ಸಾವ್ಕಾರ್ರ, ಅಲ್ಲಿ ಕೈ ಮಂದಿನ ಕೈಯನ್ನ ಕಡೀತಾರ ನೋಡ್ರಿ" ಅಂದಿದ್ದ. ಟಿಕೆಟ್ ಸಿಗದ ಮಾಜಿ ಶಾಸಕರು ಬಂಡಾಯ ನಿಂತರು. ಫಲಿತಾಂಶದಲ್ಲಿ ಬಿಜೆಪಿ ಮೊದಲು, ಪಕ್ಷೇತರರಾಗಿದ್ದ ಅವರು ಎರಡನೇ ಸ್ಥಾನ, ಕಾಂಗ್ರೆಸ್ ಮೂರನೇ ಸ್ಥಾನ. ಆತ ಹೇಳಿದ ಹಾಗೇ ಆಯಿತು.

ಆದರೆ ಒಂದು ತೊಡಕಿದೆ. ಮಳೆ ಬಂದರೆ ಒಂದೇ ಹೊಲಕ್ಕೆ ಬರೋದಿಲ್ಲ ಅಲ್ವಾ? 17 ಕ್ಷೇತ್ರಗಳಲ್ಲಿ ನಾವು ತಪ್ಪಿದರೆ ಒಂದು ಆ ಕಡೆ, ಒಂದು ಈ ಕಡೆ ಅಂತ ತಪ್ಪೋದಿಲ್ಲ. ಸಾಮಾನ್ಯವಾಗಿ ಎಲ್ಲವೂ ಒಂದೇ ಕಡೆ ವಾಲ್ತವೆ. ನಾವಿಬ್ಬರೂ ಸೇರಿ ಕಾಂಗ್ರೆಸ್ 9, ಬಿಜೆಪಿ 8 ಅಂತ ಬರೆದೆವು. ಬಂದದ್ದು ಕಾಂಗ್ರೆಸ್ 11, ಬಿಜೆಪಿ 6. ಹಾವೇರಿಯ ಆರರಲ್ಲಿ ಶಿಗ್ಗಾಂವಿ ಒಂದು ಬಿಟ್ಟು ಐದೂ ಕಾಂಗ್ರೆಸ್ಸಿಗೆ.

ಪ್ರೆಸ್ಸಿನಲ್ಲೇ ಹುಟ್ಟಿದ ಇನ್ನೊಂದು ಅಳತೆ ಇತ್ತು. ಚುನಾವಣೆಯ ಪ್ರತಿ ಹ್ಯಾಂಡ್‌ಬಿಲ್ ಮೇಲೆ ಮುದ್ರಕರ ಮತ್ತು ಪ್ರಕಾಶಕರ ಹೆಸರು, ವಿಳಾಸ ಇರಲೇಬೇಕು. ಪ್ರಜಾಪ್ರತಿನಿಧಿ ಕಾಯ್ದೆಯ 127ಎ ಕಲಂ ಹೇಳೋದು ಅದನ್ನ. ಪ್ರತಿಯನ್ನ ಅಧಿಕಾರಿಗಳಿಗೂ ಕಳಿಸಬೇಕು. ಹಾಗಾಗಿ ಯಾರು ಎಷ್ಟು ಹಾಕಿಸಿದರು ಅನ್ನೋ ಪುಸ್ತಕ ಮಾಮಾನ ಹತ್ತಿರ ಪಕ್ಕಾ ಇತ್ತು. "ಯಾರ್ದು ಜಾಸ್ತಿ ಬಿಲ್ಲು, ಅವರದ ಹವಾ" ಅನ್ನೋದು ಅವರ ಹಳೇ ನಂಬಿಕೆ. ನಾನು ಒಪ್ಪಲಿಲ್ಲ. ವಿಧಾನಸಭೆಗೆ ಒಬ್ಬ ಅಭ್ಯರ್ಥಿಯ ಖರ್ಚಿನ ಮಿತಿ 40 ಲಕ್ಷ ರೂಪಾಯಿ. ಆ ಮಿತಿಯೊಳಗೆ ಯಾರು ಕಾಗದಕ್ಕೆ ಹಾಕ್ತಾರೆ, ಯಾರು ಗಾಡಿಗೆ ಹಾಕ್ತಾರೆ ಅನ್ನೋದು ಅವರವರ ಇಷ್ಟ. ಪುಸ್ತಕದಲ್ಲಿ ಕಂಡದ್ದು ದುಡ್ಡಿನ ಓಡಾಟ, ಜನರ ಮನಸ್ಸಲ್ಲ.

ಇನ್ನು ಹುಬ್ಬಳ್ಳಿ-ಧಾರವಾಡ ಸೆಂಟ್ರಲ್. ಆರು ಸಲ ಗೆದ್ದಿದ್ದ ಜಗದೀಶ ಶೆಟ್ಟರ್ ಬಿಜೆಪಿ ಬಿಟ್ಟು ಕಾಂಗ್ರೆಸ್ಸಿಂದ ನಿಂತಾಗ ನಮ್ಮೂರಲ್ಲಿ ಬೇರೆ ಮಾತೇ ಇರಲಿಲ್ಲ. ನಾನೂ ಕಾಂಗ್ರೆಸ್ಸಿನ ಅಂಕಿಯನ್ನ ತಕ್ಷಣ ಏರಿಸಿದೆ. ಅವರು ಮಹೇಶ ಟೆಂಗಿನಕಾಯಿ ಎದುರು 34 ಸಾವಿರಕ್ಕೂ ಹೆಚ್ಚು ಮತದಿಂದ ಸೋತರು. ಅದೇ ಚುನಾವಣೆಯಲ್ಲಿ ಹೀಗೇ ಪಕ್ಷ ಬಿಟ್ಟ ಲಕ್ಷ್ಮಣ ಸವದಿ ಅಥಣಿಯಲ್ಲಿ ದೊಡ್ಡ ಅಂತರದಿಂದ ಗೆದ್ದರು. ಕಣ್ಣೆದುರಿನ ದೊಡ್ಡ ಸುದ್ದಿಗೆ ನಾನು ಕೊಟ್ಟ ತೂಕ ಜಾಸ್ತಿ ಆಯಿತು. 224ರಲ್ಲಿ ಅದು ಒಂದು ಕ್ಷೇತ್ರ.

ಮಂಡ್ಯದಿಂದ ಬಂದ ಫೋನು

ನಿಜವಾದ ತಿರುವು ಬಂದದ್ದು ನಾವು ನೋಡದೇ ಇದ್ದ ಕಡೆಯಿಂದ.

ಮಾಮಾನ ಅತಂತ್ರದ ಲೆಕ್ಕ ನಿಂತಿದ್ದು ಜೆಡಿಎಸ್ ಮೇಲೆ. "ತೆನಿ 35 ತಗೊಂತದ. ಪಕ್ಷೇತರ ಗಿಕ್ಷೇತರ ಐದು. ಉಳಿದದ್ದು 184. ಅದರಾಗ ಒಬ್ಬರಿಗೆ 113 ಬರೂದಂದ್ರ ಸುಮ್ನ ಆತನು?" ಬಹಳ ಒಳ್ಳೆಯ ಲೆಕ್ಕ. 184ರಲ್ಲಿ 113 ಅಂದರೆ ನೂರಕ್ಕೆ 61. ಎರಡು ದೊಡ್ಡ ಪಕ್ಷ ಗುದ್ದಾಡುವಾಗ ಒಬ್ಬರು ನೂರಕ್ಕೆ 61 ಕ್ಷೇತ್ರ ತಗೊಳ್ಳೋದು ಕಷ್ಟವೇ.

ಆದರೆ 35 ಅನ್ನೋದನ್ನ ಅವರು ಕಲ್ಲಿನ ಮೇಲೆ ಕೆತ್ತಿದ ಹಾಗೆ ಇಟ್ಟುಕೊಂಡಿದ್ದರು. ನಾನೂ ಅದನ್ನ ಪ್ರಶ್ನೆ ಮಾಡಿರಲಿಲ್ಲ. ನಮ್ಮ 17 ಕ್ಷೇತ್ರಗಳಲ್ಲಿ ಆ ಪಕ್ಷ ಲೆಕ್ಕಕ್ಕೇ ಇಲ್ಲವಲ್ಲ, ನಮಗೆ ಹೇಗೆ ಗೊತ್ತಾಗಬೇಕು?

ಮಾಮಾನ ಮಗಳು ಮಂಡ್ಯದಲ್ಲಿದ್ದಾಳೆ. ನಾಮಪತ್ರ ವಾಪಸ್ ಪಡೆಯುವ ದಿನ, ಏಪ್ರಿಲ್ 24 ಕಳೆದು ಒಂದೆರಡು ದಿನಕ್ಕೆ ಫೋನ್ ಮಾಡಿದಳು. ಅಡಿಗೆ ಮಾತು, ಮಕ್ಕಳ ಪರೀಕ್ಷೆ ಮಾತು ಆದಮೇಲೆ ಮಾಮಾ ಸುಮ್ನೆ ಕೇಳಿದರು. "ಅಪ್ಪಾ, ಇಲ್ಲಿ ತೆನಿ ಮಾತು ಕಡಿಮಿ ಆಗೇತಿ" ಅಂದಳು. "ನಮ್ಮ ಮನಿ ಮಾಲಕರು ಹುಟ್ಟಿದಾಗಿಂದ ತೆನಿಗೇ ಹಾಕ್ಯಾರ. ಈ ಸಲ ಕೈಗೆ ಹಾಕ್ತೀನಿ ಅಂತಾರ. ಓಣ್ಯಾಗ ಇನ್ನಿಬ್ಬರೂ ಹಂಗ ಅಂದ್ರು." ಸ್ಪೀಕರ್ ಆನ್ ಇತ್ತು. ಮಾಮಾ ಕಟಿಂಗ್ ಮಷಿನ್ ಹ್ಯಾಂಡಲ್ ಮೇಲೆ ಕೈಯಿಟ್ಟು ನಿಂತಿದ್ದರು, ಎಳೆಯಲೇ ಇಲ್ಲ.

ಮೂರು ಮನೆಯ ಮಾತು ಸಮೀಕ್ಷೆ ಆಗೋದಿಲ್ಲ, ನನಗೂ ಗೊತ್ತು. ಆದರೆ ಅದು ನಮ್ಮ ಲೆಕ್ಕದ ಯಾವ ಗೂಟ ಸಡಿಲ ಇದೆ ಅಂತ ತೋರಿಸಿತು. 2018ರಲ್ಲಿ ಮಂಡ್ಯ ಜಿಲ್ಲೆಯ ಏಳಕ್ಕೆ ಏಳೂ ಜೆಡಿಎಸ್ಸಿನವು. ಅಲ್ಲೇ ಅಲುಗಾಡಿದರೆ? ಚೀಟಿ ತಗೊಂಡು ಮತ್ತೆ ಬರೆದೆ. ಜೆಡಿಎಸ್ 20, ಇತರರು 4 ಅಂದರೆ ಉಳಿದದ್ದು 200. ಅದರಲ್ಲಿ 113 ಬೇಕಾದರೆ ನೂರಕ್ಕೆ 56.5 ಸಾಕು. ಅತಂತ್ರ ಆಗುತ್ತೋ ಇಲ್ಲವೋ ಅನ್ನೋ ಬೀಗದ ಕೈ ಹುಬ್ಬಳ್ಳಿಯಲ್ಲೂ ಇರಲಿಲ್ಲ, ಗದಗದಲ್ಲೂ ಇರಲಿಲ್ಲ. ಹಳೇ ಮೈಸೂರಿನ ಕಡೆ ಇತ್ತು.

ಹಿಂದಿನದಕ್ಕೆ ತಾಳೆ ಹಾಕಿದೆ. 1999ರಲ್ಲಿ ಜೆಡಿಎಸ್ 10, ಬಹುಮತ ಬಂತು. 2004ರಲ್ಲಿ 58, ಅತಂತ್ರ. 2018ರಲ್ಲಿ 37, ಅತಂತ್ರ. ಅಡ್ಡ ಬಂದದ್ದು 2013. ಆಗ ಜೆಡಿಎಸ್ 40 ಗೆದ್ದರೂ ಕಾಂಗ್ರೆಸ್ಸಿಗೆ ಬಹುಮತ ಬಂತು. ಅದಕ್ಕೆ ಕಾರಣ ಬಿಜೆಪಿ ಒಡೆದಿದ್ದು. ಯಡಿಯೂರಪ್ಪ ಕೆಜೆಪಿ ಕಟ್ಟಿದ ಸಮಾವೇಶ ಆಗಿದ್ದು ನಮ್ಮ ಹಾವೇರಿಯಲ್ಲೇ, 2012ರ ಡಿಸೆಂಬರ್‌ನಲ್ಲಿ. ಕೆಜೆಪಿ ಗೆದ್ದದ್ದು ಬರೀ 6, ಆದರೆ ಬಿಜೆಪಿ 40ಕ್ಕೆ ಕುಸಿಯಿತು.

ಮತದ ಪ್ರಮಾಣ ನೋಡಿ ಕ್ಷೇತ್ರ ಹೇಳೋದು ಎಷ್ಟು ಅಪಾಯ ಅಂತ ಮಾಮಾಗೆ ತೋರಿಸಲು ಇನ್ನೊಂದು ಚೀಟಿ ಬರೆದೆ. 2018ರಲ್ಲಿ ಕಾಂಗ್ರೆಸ್ಸಿಗೆ ಸುಮಾರು ಶೇ 38 ಮತ, ಬಿಜೆಪಿಗೆ ಶೇ 36. ಆದರೂ ಕ್ಷೇತ್ರದಲ್ಲಿ ಬಿಜೆಪಿ ಮುಂದೆ. 2004, 2008ರಲ್ಲೂ ಹೀಗೇ, ಮತ ಕಾಂಗ್ರೆಸ್ಸಿಗೆ ಜಾಸ್ತಿ, ಕ್ಷೇತ್ರ ಬಿಜೆಪಿಗೆ ಜಾಸ್ತಿ. ಒಬ್ಬರ ಮತ ರಾಜ್ಯದ ತುಂಬಾ ಹರಡಿದೆ, ಇನ್ನೊಬ್ಬರದು ಕೆಲವು ಕಡೆ ಗುಂಪಾಗಿದೆ. ಸಾವಿರ ಜನರನ್ನ ಕೇಳಿದ ಸಮೀಕ್ಷೆಯಲ್ಲಿ ಶೇ 3ರಷ್ಟು ಆಚೆ ಈಚೆ ಆಗೋದು ಸಹಜ. ಇಬ್ಬರ ನಡುವಿನ ಅಂತರವೇ ಶೇ 2 ಇದ್ದಾಗ ಆ ಸಮೀಕ್ಷೆ 113ರ ಬಗ್ಗೆ ಏನು ಹೇಳಬಲ್ಲದು?

ಏಪ್ರಿಲ್ ಕೊನೆಯ ಚೀಟಿಯಲ್ಲಿ ನನ್ನ ಅಂಕಿ ಹೀಗಿತ್ತು: ಕಾಂಗ್ರೆಸ್ ಬಹುಮತ 55, ಅತಂತ್ರ 35, ಬಿಜೆಪಿ 10. ಮಾಮಾ ತಮ್ಮ 70 ಬದಲಿಸಲಿಲ್ಲ. ಆದರೆ ಕಾಗದ 25 ರೀಮು ತರಿಸಿದರು. ಬಾಯಿಂದ ಒಪ್ಪದಿದ್ದರೂ ಮಗಳ ಮಾತು ಅವರ ಕೈಗೆ ತಾಗಿತ್ತು.

ಎಣಿಕೆ, ಆಮೇಲೆ

ಮೇ 10ರ ಸಂಜೆ ಮತಗಟ್ಟೆ ಸಮೀಕ್ಷೆಗಳು ಬಂದವು. ಆಕ್ಸಿಸ್ ಮೈ ಇಂಡಿಯಾ ಕಾಂಗ್ರೆಸ್ಸಿಗೆ 122ರಿಂದ 140 ಅಂದಿತು. ಹಲವರು ಅತಂತ್ರ ಅಂದರು. ಮೇ 13ರ ಮಧ್ಯಾಹ್ನದ ಹೊತ್ತಿಗೆ ಎಲ್ಲಾ ತಿಳಿಯಾಯಿತು. ಕಾಂಗ್ರೆಸ್ 135, ಬಿಜೆಪಿ 66, ಜೆಡಿಎಸ್ 19, ಇತರರು 4. ಮಂಡ್ಯದ ಏಳರಲ್ಲಿ ಐದು ಕಾಂಗ್ರೆಸ್ಸಿಗೆ, ಒಂದು ಸರ್ವೋದಯ ಕರ್ನಾಟಕ ಪಕ್ಷಕ್ಕೆ, ಜೆಡಿಎಸ್ಸಿಗೆ ಉಳಿದದ್ದು ಕೆ.ಆರ್. ಪೇಟೆ ಒಂದೇ.

ರಾಜ್ಯದ ಮತ ಪ್ರಮಾಣ ನೋಡಿದಾಗ ನಾನು ಬೆರಗಾದೆ. ಬಿಜೆಪಿಗೆ 2018ರಲ್ಲೂ ಶೇ 36, 2023ರಲ್ಲೂ ಶೇ 36. ಜೆಡಿಎಸ್ 18ರಿಂದ 13ಕ್ಕೆ ಇಳಿಯಿತು, ಕಾಂಗ್ರೆಸ್ 38ರಿಂದ 43ಕ್ಕೆ ಏರಿತು. ಇಷ್ಟನ್ನೇ ನೋಡಿದವರು ಬಿಜೆಪಿ ಮತದಾರ ಅಲುಗಾಡಲೇ ಇಲ್ಲ ಅಂದಾರು. ಆದರೆ ನಮ್ಮ ಕಡೆ ಜೆಡಿಎಸ್ ಇಲ್ಲದಿದ್ದರೂ ಬಿಜೆಪಿ 12ರಿಂದ 6ಕ್ಕೆ ಬಂತಲ್ಲ! ಇಲ್ಲಿ ಕಳಕೊಂಡದ್ದನ್ನ ಆ ಪಕ್ಷ ಬೆಂಗಳೂರು, ಹಳೇ ಮೈಸೂರಿನ ಕಡೆ ಮತದಲ್ಲಿ ತುಂಬಿಕೊಂಡಿತು. ಒಟ್ಟು ಮೊತ್ತ ಅಲ್ಲಾಡದೆ ನಿಂತಿತು, ಅದರ ಕೆಳಗೆ ಎರಡು ಪ್ರವಾಹ ಎದುರು ಬದುರು ಹರಿದವು. ರಾಜ್ಯಕ್ಕೆಲ್ಲಾ ಒಂದೇ ಅಳತೆಯ ಏರಿಳಿತ ಹಾಕಿ ಕ್ಷೇತ್ರ ಎಣಿಸುವವರು ಇದನ್ನ ಗಮನಿಸಬೇಕು.

ಚೀಟಿಗಳಿಗೆ ಅಂಕ ಹಾಕಿದೆವು. ಹವಾಮಾನ ಮುನ್ಸೂಚನೆಯನ್ನ ಅಳೆಯಲು ಗ್ಲೆನ್ ಬ್ರಯರ್ ಅನ್ನುವವರು 1950ರಲ್ಲಿ ಕೊಟ್ಟ ಒಂದು ಸುಲಭ ದಾರಿ ಇದೆ. ಪ್ರತಿ ಸಾಧ್ಯತೆಗೆ ನಾವು ಕೊಟ್ಟ ಪಾಲಿಗೂ ನಿಜವಾಗಿ ಆದದ್ದಕ್ಕೂ ಇರುವ ಅಂತರವನ್ನ ವರ್ಗ ಮಾಡಿ ಕೂಡಿಸಬೇಕು. ಕಡಿಮೆ ಬಂದಷ್ಟೂ ಒಳ್ಳೇದು. ಏನೂ ಗೊತ್ತಿಲ್ಲ ಅಂತ ಮೂರಕ್ಕೂ ಸಮಪಾಲು ಕೊಟ್ಟವರಿಗೆ 0.67 ಬರುತ್ತೆ. ನನ್ನ ಮೊದಲ ಚೀಟಿಗೆ 0.62, ಕೊನೆಯದಕ್ಕೆ 0.34. ಮಾಮಾನದು 1.14. ಅವರು ಬಹಳ ಹೊತ್ತು ಆ ಅಂಕಿ ನೋಡಿದರು. "ಗೊತ್ತಿಲ್ಲ ಅಂದಿದ್ರ ಚಲೋ ಇತ್ತಂತೀ" ಅಂದರು. ಹೌದು ಅಂದೆ.

ಇಷ್ಟಾದರೂ ನಮ್ಮ ಕಾಗದದ ಲೆಕ್ಕ ಪೂರ್ತಿ ಸರಿ ಬರಲಿಲ್ಲ. ಬಹುಮತ ಬಂದಮೇಲೆ ಆರ್ಡರ್ ಓಡಿ ಬರ್ತಾವೆ ಅಂದುಕೊಂಡಿದ್ದೆವು. ಮುಖ್ಯಮಂತ್ರಿ ಯಾರು ಅಂತ ತೀರ್ಮಾನ ಆಗಲು ಮೇ 18 ಆಯಿತು. 20ಕ್ಕೆ ಸಿದ್ದರಾಮಯ್ಯ, ಡಿ.ಕೆ. ಶಿವಕುಮಾರ್ ಜೊತೆ ಎಂಟು ಜನ ಮಂತ್ರಿಗಳಾದರು. ಅದರಲ್ಲಿ ನಮ್ಮ ಮೂರೂ ಜಿಲ್ಲೆಯವರು ಇರಲಿಲ್ಲ. ಎಚ್.ಕೆ. ಪಾಟೀಲ, ಸಂತೋಷ ಲಾಡ್ ಪ್ರಮಾಣ ವಚನ ತಗೊಂಡದ್ದು 27ಕ್ಕೆ. ಎರಡು ವಾರ 25 ರೀಮೂ ಗೋಡೆಗೆ ಒರಗಿದ್ದವು. ಆಮೇಲೆ ನಾಲ್ಕೇ ದಿನಕ್ಕೆ ಮುಗಿದು, ಇನ್ನೂ ಬೇಕಾಯಿತು. ನಾವು ಕೇಳಿಕೊಂಡ ಪ್ರಶ್ನೆ "ಬಹುಮತ ಬರುತ್ತಾ" ಅಂತ. ಪ್ರೆಸ್ಸಿಗೆ ಬೇಕಾಗಿದ್ದ ಪ್ರಶ್ನೆ "ಗದಗದಲ್ಲಿ ಯಾವಾಗ ಸನ್ಮಾನ" ಅಂತ. ಇದು ನನ್ನ ತಪ್ಪು.

ಅಧಿಕಾರ ಯಾರ ಕೈಯಲ್ಲಿ ಅನ್ನೋದು ಎಣಿಕೆಯ ದಿನಕ್ಕೇ ಮುಗಿಯೋದೂ ಇಲ್ಲ. ಇದನ್ನ ಹಾವೇರಿ ಜಿಲ್ಲೆಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. 2019ರಲ್ಲಿ ಕಾಂಗ್ರೆಸ್-ಜೆಡಿಎಸ್ ಸರ್ಕಾರ ಬಿದ್ದಾಗ ಅನರ್ಹರಾದ 17 ಶಾಸಕರಲ್ಲಿ ಬಿ.ಸಿ. ಪಾಟೀಲ, ಆರ್. ಶಂಕರ್ ಇಬ್ಬರೂ ಅದೇ ಜಿಲ್ಲೆಯವರು. ಜುಲೈ 23ರ ವಿಶ್ವಾಸಮತದಲ್ಲಿ ಸರ್ಕಾರದ ಪರ 99, ವಿರುದ್ಧ 105. ಬಹುಮತವನ್ನ ಸದನದಲ್ಲೇ ಸಾಬೀತು ಮಾಡಬೇಕು ಅಂತ ಸುಪ್ರೀಂ ಕೋರ್ಟ್ 1994ರಲ್ಲಿ ಹೇಳಿದ ತೀರ್ಪು ಕೂಡ ನಮ್ಮ ಕಡೆಯವರೇ ಆದ ಎಸ್.ಆರ್. ಬೊಮ್ಮಾಯಿ ಅವರ ಹೆಸರಲ್ಲೇ ಇದೆ. 135 ಬಂದಾಗ ಈ ಭಯ ಕಡಿಮೆ. 115 ಬಂದಿದ್ದರೆ ನಾಲ್ಕನೇ ಸಾಧ್ಯತೆ ಒಂದನ್ನ ಬರೆಯಬೇಕಾಗ್ತಿತ್ತು: ಐದು ವರ್ಷದೊಳಗೆ ಕೈ ಬದಲಾಗೋದು.

ಒಂದು ಸಲ ಸರಿ ಬಂದರೆ ಜಾಣತನ ಅನ್ನಿಸಿಬಿಡುತ್ತೆ. 2024ರ ನವೆಂಬರ್‌ನ ಶಿಗ್ಗಾಂವಿ ಉಪಚುನಾವಣೆಗೆ ನಾನು ಬಿಜೆಪಿಗೆ 65 ಬರೆದೆ. 2008ರಿಂದ ಬಸವರಾಜ ಬೊಮ್ಮಾಯಿ ಗೆಲ್ಲುತ್ತಲೇ ಬಂದ ಕ್ಷೇತ್ರ, ಮಗ ನಿಂತಿದ್ದರು. ಕಾಂಗ್ರೆಸ್ಸಿನ ಯಾಸಿರ್ ಖಾನ್ ಪಠಾಣ್ ಗೆದ್ದರು. ಅದೇ ವರ್ಷ ಲೋಕಸಭೆಗೆ ದೊಡ್ಡ ದೊಡ್ಡ ಮತಗಟ್ಟೆ ಸಮೀಕ್ಷೆಗಳು ಎನ್‌ಡಿಎಗೆ 350ರ ಮೇಲೆ ಅಂದವು, ಬಂದದ್ದು 293. ಹತ್ತು ಸಮೀಕ್ಷೆಯ ಸರಾಸರಿ ತೆಗೆದರೂ ಅಷ್ಟೇ, ಹೆಚ್ಚಿನವು ಒಂದೇ ಕಡೆ ವಾಲಿದ್ದವು.

2023ರ ಸೆಪ್ಟೆಂಬರ್‌ನಲ್ಲಿ ಜೆಡಿಎಸ್ ಎನ್‌ಡಿಎ ಸೇರಿತು. ಇಬ್ಬರೂ ಕೂಡಿ ನಿಂತರೆ 184ರ ಲೆಕ್ಕವೇ ಬೇರೆ ಆಗುತ್ತೆ. ಮೂರನೆಯವರು ಇಲ್ಲದ ಕಡೆ ಅತಂತ್ರದ ಪಾಲು ಇಳಿಯಬೇಕು. ಆದರೆ ತೆನೆಗೆ ಹಾಕುವವರೆಲ್ಲಾ ಕಮಲಕ್ಕೆ ಹಾಕ್ತಾರಾ, ಕಮಲಕ್ಕೆ ಹಾಕುವವರೆಲ್ಲಾ ತೆನೆಗೆ ಹಾಕ್ತಾರಾ? ಮೊನ್ನೆ ಗದಗಕ್ಕೆ ಹೋದಾಗ ಮಾಮಾ ಪ್ಯಾಡಿನಲ್ಲಿ ಉಳಿದಿದ್ದ ಕೊನೆಯ ನಾಲ್ಕೈದು ಚೀಟಿಗಳನ್ನ ಕ್ಲಿಪ್ ಹಾಕಿ ತೆಗೆದಿಟ್ಟಿದ್ದರು. ಮೇಲಿನದರಲ್ಲಿ 2028 ಅಂತ ಬರೆದು, ಕೆಳಗೆ ಅಂಕಿ ಇರುವ ಜಾಗದಲ್ಲಿ ಮಗಳ ಫೋನ್ ನಂಬರ್ ಬರೆದಿದ್ದರು.